ಗಡುವು ಮುಗಿದ ಮೇಲಿನ ರಿಟರ್ನ್: ಐದು ಸಾವಿರದ ದಂಡಕ್ಕಿಂತ ದೊಡ್ಡ ಪೆಟ್ಟು ಬೇರೆಡೆ ಇದೆ

ಪ್ರಶ್ನೆ: ಮೈಸೂರಿನ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. 2024-25ರಲ್ಲಿ ನನ್ನ ಒಟ್ಟು ಸಂಬಳ 11.40 ಲಕ್ಷ ರೂ. ಕಂಪನಿಗೆ ಹಳೆಯ ತೆರಿಗೆ ಪದ್ಧತಿ (ಉಳಿತಾಯ, ಸಾಲದ ಬಡ್ಡಿಯಂಥವನ್ನು ಆದಾಯದಿಂದ ಕಳೆಯಬಹುದಾದದ್ದು) ಬೇಕೆಂದು ಬರೆದುಕೊಟ್ಟು, ಗೃಹಸಾಲದ ಬಡ್ಡಿ 2 ಲಕ್ಷ, ಪಿಎಫ್ ಮತ್ತು ಎಲ್‌ಐಸಿ 1.50 ಲಕ್ಷ, ಆರೋಗ್ಯ ವಿಮೆ 25,000, ಎನ್‌ಪಿಎಸ್ 50,000 ತೋರಿಸಿದ್ದೆ. 46,820 ರೂ. ಟಿಡಿಎಸ್ (ಸಂಬಳದಲ್ಲೇ ಹಿಡಿದ ತೆರಿಗೆ) ಆಗಿದೆ. ಬ್ಯಾಂಕ್ ಠೇವಣಿಯಿಂದ 35,000 ಬಡ್ಡಿ ಬಂದಿದೆ, ಅದನ್ನು ಕಂಪನಿಗೆ ಹೇಳಿರಲಿಲ್ಲ. ಷೇರು ಮಾರಿ 62,000 ನಷ್ಟವಾಗಿದೆ. ಗಡುವು ಮತ್ತೆ ಮುಂದೆ ಹೋಗುತ್ತದೆಂದು ಕಾಯುತ್ತಾ ರಿಟರ್ನ್ ಸಲ್ಲಿಸುವುದು ತಪ್ಪಿತು. ಐದು ಸಾವಿರ ದಂಡ ಕಟ್ಟಿದರೆ ಮುಗಿಯಿತು ಎನ್ನುತ್ತಾರೆ ಸಹೋದ್ಯೋಗಿಗಳು. ನಿಜವೇ? ಊರಿನಲ್ಲಿರುವ ಅಪ್ಪನಿಗೆ 68 ವರ್ಷ, ಅಡಿಕೆ ತೋಟವಿದೆ. ಅವರ ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು 2024-25ರಲ್ಲಿ 11,000, ಅದರ ಹಿಂದಿನ ವರ್ಷ 9,400 ರೂ. ತೆರಿಗೆ ಹಿಡಿದಿದೆ. 2024ರ ಜುಲೈನಲ್ಲಿ ಅವರಿಗೆ ಬೈಪಾಸ್ ಆದ್ದರಿಂದ ಆ ಹಿಂದಿನ ವರ್ಷದ ರಿಟರ್ನನ್ನೂ ಹಾಕಿರಲಿಲ್ಲ. ಆ ಹಣ ಹೋದಂತೆಯೇ?

ಉತ್ತರ:

ನೀವು ಒಬ್ಬರೇ ಅಲ್ಲ. 2025ರ ಈ ನವೆಂಬರ್ ತಿಂಗಳಲ್ಲಿ ನನ್ನ ಮೇಜಿಗೆ ಬಂದ ಕಡತಗಳಲ್ಲಿ ಅರ್ಧದಷ್ಟು ‘ಗಡುವು ಮುಂದೆ ಹೋಗುತ್ತದೆಂದು ಕಾದೆ’ ಎಂಬ ಕಥೆಯವೇ. ಈ ಸಲ ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ತಳ್ಳಿದರು, ಕೊನೆಯ ರಾತ್ರಿ ಮತ್ತೊಂದು ದಿನ ಕೊಟ್ಟು 16 ಎಂದರು. ಎರಡು ಸಲ ಕೊಟ್ಟವರು ಮೂರನೆಯ ಸಲವೂ ಕೊಟ್ಟಾರು ಎಂದುಕೊಂಡದ್ದು ಸಹಜವೇ. ಕೊಡಲಿಲ್ಲ.

ಸಹೋದ್ಯೋಗಿಗಳು ಹೇಳಿದ್ದು ಅರ್ಧ ನಿಜ. ಗಡುವು ದಾಟಿದವರಿಗೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 139(4) ಒಂದು ಬಾಗಿಲು ತೆರೆದಿಟ್ಟಿದೆ. 2025-26ರ ಅಸೆಸ್‌ಮೆಂಟ್ ವರ್ಷಕ್ಕೆ, ಅಂದರೆ 2024-25ರಲ್ಲಿ ಗಳಿಸಿದ ಆದಾಯದ ರಿಟರ್ನಿಗೆ, ಅದು 2025ರ ಡಿಸೆಂಬರ್ 31ರವರೆಗೆ ತೆರೆದಿರುತ್ತದೆ. ಆ ಬಾಗಿಲಿನ ಸುಂಕವೇ ಸೆಕ್ಷನ್ 234ಎಫ್‌ನ ಶುಲ್ಕ: ಒಟ್ಟು ಆದಾಯ 5 ಲಕ್ಷ ದಾಟಿದ್ದರೆ 5,000, ದಾಟದಿದ್ದರೆ 1,000. ಸೆಪ್ಟೆಂಬರ್ 17ರಂದು ಬಂದವರಿಗೂ ಡಿಸೆಂಬರ್ 31ರ ರಾತ್ರಿ ಬಂದವರಿಗೂ ಒಂದೇ ದರ. ಇಷ್ಟನ್ನು ಎಲ್ಲರೂ ಬಲ್ಲರು. ನಿಮ್ಮಂಥವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬೀಳುತ್ತದೆ. ತಡವಾದ ರಿಟರ್ನಿನಲ್ಲಿ ಹಳೆಯ ಪದ್ಧತಿಯನ್ನು ಆರಿಸಿಕೊಳ್ಳುವ ಹಕ್ಕೇ ಇಲ್ಲ.

2023-24ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ; ಹಳೆಯದು ಬೇಕೆಂದರೆ ಕೇಳಿ ಪಡೆಯಬೇಕು. ಸಂಬಳದಾರರು ಅದನ್ನು ಕೇಳಬೇಕಾದದ್ದು ರಿಟರ್ನಿನಲ್ಲೇ, ಅದೂ ಗಡುವಿನೊಳಗೆ ಸಲ್ಲಿಸಿದ ರಿಟರ್ನಿನಲ್ಲಿ. ಏಪ್ರಿಲ್‌ನಲ್ಲಿ ಕಂಪನಿಗೆ ಬರೆದುಕೊಟ್ಟ ಚೀಟಿ ಟಿಡಿಎಸ್ ಲೆಕ್ಕಕ್ಕೆ ಮಾತ್ರ. ಕಂಪನಿ ಕೊಡುವ ಟಿಡಿಎಸ್ ಪ್ರಮಾಣಪತ್ರವಾದ ಫಾರ್ಮ್ 16ರಲ್ಲಿ ‘ಹಳೆಯ ಪದ್ಧತಿ’ ಎಂದು ಅಚ್ಚಾಗಿರುವುದನ್ನು ತೋರಿಸಿ ವಾದಿಸಲು ಬರುವುದಿಲ್ಲ. ನೀವು ಕೂಡಿಸಿಟ್ಟ ಗೃಹಸಾಲದ ಬಡ್ಡಿ, 80ಸಿ (ಪಿಎಫ್, ಎಲ್‌ಐಸಿ), 80ಡಿ (ಆರೋಗ್ಯ ವಿಮೆ), ಎನ್‌ಪಿಎಸ್ ಎಲ್ಲವೂ ಈ ವರ್ಷದ ಮಟ್ಟಿಗೆ ಲೆಕ್ಕಕ್ಕೆ ಬಾರದ ಕಾಗದಗಳು. ನನಗೆ ಕೇಳಿದರೆ ಇದು ಅತಿಯಾದ ನಿಯಮ. ತಡಕ್ಕೆ ಶುಲ್ಕವಿದೆ, ಬಡ್ಡಿಯಿದೆ. ಅದರ ಮೇಲೆ ಆಯ್ಕೆಯನ್ನೂ ಕಿತ್ತುಕೊಳ್ಳುವ ಅಗತ್ಯವಿರಲಿಲ್ಲ. ಆದರೆ ಕಾನೂನು ಹಾಗೇ ಇದೆ.

ನಿಮ್ಮದೇ ಅಂಕಿಗಳನ್ನು ಹಿಡಿದು ನೋಡೋಣ. ಮೊದಲು, ಸೆಪ್ಟೆಂಬರ್ 16ರೊಳಗೆ ಸಲ್ಲಿಸಿದ್ದರೆ ಏನಾಗುತ್ತಿತ್ತು? 11.40 ಲಕ್ಷದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ನಮ್ಮ ರಾಜ್ಯದ ವೃತ್ತಿ ತೆರಿಗೆ 2,400, ಜೊತೆಗೆ ನೀವು ಹೇಳಿದ ನಾಲ್ಕು ಕಡಿತಗಳನ್ನು ಕಳೆದರೆ 6,62,600 ಉಳಿಯುತ್ತದೆ. ಕಂಪನಿ ಟಿಡಿಎಸ್ ಹಿಡಿದದ್ದು ಇದರ ಮೇಲೆಯೇ. ಠೇವಣಿಯ ಬಡ್ಡಿ 35,000 ಸೇರಿದರೆ 6,97,600. ಹಳೆಯ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ 54,101 ರೂ. ಟಿಡಿಎಸ್ ಕಳೆದು 7,280 ಕಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಬಾಕಿ 10,000ಕ್ಕಿಂತ ಕಡಿಮೆ ಇದ್ದುದರಿಂದ ಮುಂಗಡ ತೆರಿಗೆಯ (ವರ್ಷದೊಳಗೇ ಕಂತುಗಳಲ್ಲಿ ಕಟ್ಟಬೇಕಾದ ತೆರಿಗೆ) ತಕರಾರೂ ಏಳುತ್ತಿರಲಿಲ್ಲ.

ಈಗಿನ ಲೆಕ್ಕ ಹೀಗೆ. ಹೊಸ ಪದ್ಧತಿಯಲ್ಲಿ ಸಂಬಳದಿಂದ ಕಳೆಯಲು ಸಿಗುವುದು 75,000 ಮಾತ್ರ. ವೃತ್ತಿ ತೆರಿಗೆಯೂ ಇಲ್ಲ. 10.65 ಲಕ್ಷಕ್ಕೆ ಬಡ್ಡಿ ಸೇರಿ ಸರಿಯಾಗಿ 11 ಲಕ್ಷ. 2024-25ರ ಹೊಸ ದರದಲ್ಲಿ ಮೊದಲ 3 ಲಕ್ಷಕ್ಕೆ ತೆರಿಗೆಯಿಲ್ಲ, 7 ಲಕ್ಷದವರೆಗೆ ಶೇ 5, 10 ಲಕ್ಷದವರೆಗೆ ಶೇ 10, 12 ಲಕ್ಷದವರೆಗೆ ಶೇ 15. ಅಂದರೆ 20,000, 30,000 ಮತ್ತು 15,000, ಒಟ್ಟು 65,000. ಶೇ 4ರ ಸೆಸ್ ಸೇರಿ 67,600. ಟಿಡಿಎಸ್ ಕಳೆದರೆ ಬಾಕಿ 20,780. (12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ ಎಂದು ಕೇಳಬೇಡಿ. ಆ ರಿಯಾಯಿತಿ 2025-26ರ ಆದಾಯಕ್ಕೆ. ನಾವು ಮಾತಾಡುತ್ತಿರುವುದು ಅದರ ಹಿಂದಿನ ವರ್ಷದ್ದು.)

ಈ 20,780ರ ಮೇಲೆ ಮೂರು ಬಗೆಯ ಬಡ್ಡಿ ಕೂರುತ್ತದೆ. ರಿಟರ್ನ್ ತಡವಾದದ್ದಕ್ಕೆ 234ಎ ಅಡಿ ತಿಂಗಳಿಗೆ ಶೇ 1. ತಿಂಗಳ ತುಣುಕೂ ಪೂರ್ತಿ ತಿಂಗಳೇ. ನವೆಂಬರ್ ಕೊನೆಯ ವಾರದಲ್ಲಿ ಸಲ್ಲಿಸಿದರೆ ಮೂರು ತಿಂಗಳಾಗಿ 621 ರೂ. ಬಾಕಿ 10,000 ದಾಟಿದ್ದರಿಂದ ಮುಂಗಡ ತೆರಿಗೆ ಕಟ್ಟಲಿಲ್ಲ ಎಂದು 234ಬಿ ಅಡಿ ಏಪ್ರಿಲ್‌ನಿಂದ ಎಂಟು ತಿಂಗಳಿಗೆ 1,656. ಆ ಮುಂಗಡದ ಕಂತುಗಳು ತಪ್ಪಿದವು ಎಂದು 234ಸಿ ಅಡಿ 1,044. ಕೊನೆಯದರಲ್ಲಿ ಒಂದು ತಮಾಷೆಯಿದೆ: ಹೊಸ ಪದ್ಧತಿಗೆ ನೀವು ಬಿದ್ದದ್ದು 2025ರ ಸೆಪ್ಟೆಂಬರ್‌ನಲ್ಲಿ, ಆದರೆ ಕಾಯ್ದೆ 2024ರ ಜೂನ್ 15ರಂದೇ ಮೊದಲ ಕಂತು ಕಟ್ಟಬೇಕಿತ್ತು ಎಂದು ಲೆಕ್ಕ ಹಿಡಿಯುತ್ತದೆ. ಮೂರೂ ಬಡ್ಡಿ ಸೇರಿ 3,321, ಮೇಲೆ 5,000 ಶುಲ್ಕ. ಒಟ್ಟು 29,100 ರೂ.

7,280 ಇದ್ದದ್ದು 29,100 ಆಯಿತು. ಈ 21,820 ರೂಪಾಯಿಯ ವ್ಯತ್ಯಾಸದಲ್ಲಿ ಎಲ್ಲರೂ ಹೇಳುವ ‘ದಂಡ’ ನಾಲ್ಕನೇ ಒಂದು ಪಾಲೂ ಇಲ್ಲ.

ಇದನ್ನು ಓದಿ ಬೇರೆ ಓದುಗರು ಗಾಬರಿಯಾಗಬೇಕಿಲ್ಲ. ಗೃಹಸಾಲ ಇಲ್ಲದವರಿಗೆ, ಬಾಡಿಗೆ ಭತ್ಯೆಯ ವಿನಾಯಿತಿ ಸಣ್ಣದಾಗಿರುವವರಿಗೆ ಹೊಸ ಪದ್ಧತಿಯೇ ಅಗ್ಗವಾಗಿ, ಕಟ್ಟಿದ ಟಿಡಿಎಸ್‌ನಲ್ಲಿ ಒಂದಿಷ್ಟು ವಾಪಸು ಬಂದದ್ದನ್ನೂ ನೋಡಿದ್ದೇನೆ. ಎರಡೂ ಕಡೆ ಲೆಕ್ಕ ಹಾಕದೆ ಹೇಳಲಾಗದು. ನಿಮ್ಮದೂ ಒಂದನ್ನು ಪರಿಶೀಲಿಸಿ: ಎನ್‌ಪಿಎಸ್ ಖಾತೆಗೆ ಕಂಪನಿಯೂ ತನ್ನ ಪಾಲು ಹಾಕುತ್ತಿದ್ದರೆ ಅದಕ್ಕೆ ಹೊಸ ಪದ್ಧತಿಯಲ್ಲೂ ಕಡಿತವಿದೆ. ಫಾರ್ಮ್ 16ರಲ್ಲಿ 80ಸಿಸಿಡಿ(2) ಎಂಬ ಸಾಲು ಹುಡುಕಿ. ಅಲ್ಲಿ ಏನಾದರೂ ಇದ್ದರೆ ಮೇಲಿನ ಲೆಕ್ಕ ಅಷ್ಟು ಇಳಿಯುತ್ತದೆ.

ಷೇರಿನ ನಷ್ಟದ ಮಾತು. ಬಂಡವಾಳ ನಷ್ಟವನ್ನು ಮುಂದಿನ ಎಂಟು ವರ್ಷಗಳ ಲಾಭದ ಎದುರು ವಜಾ ಮಾಡಿಕೊಳ್ಳಬಹುದು, ಆದರೆ ರಿಟರ್ನ್ ಗಡುವಿನೊಳಗೆ ಬಿದ್ದಿದ್ದರೆ ಮಾತ್ರ. ನಿಮ್ಮ 62,000 ಹೀಗೆ ಮುಂದಕ್ಕೆ ಹೋಗುವುದಿಲ್ಲ. ಅದೇ ವರ್ಷ ಬೇರೆ ಷೇರಿನಲ್ಲೋ ಮ್ಯೂಚುವಲ್ ಫಂಡಿನಲ್ಲೋ ಲಾಭವಾಗಿದ್ದರೆ ನಿಯಮದಂತೆ ಅದರ ಎದುರು ಈಗಲೂ ವಜಾ ಮಾಡಬಹುದು. ಸಂಬಳದ ಎದುರು ಎಂದಿಗೂ ಆಗದು. ಉಪಯೋಗವಿಲ್ಲವೆಂದು ಅದನ್ನು ಬಿಟ್ಟು ಸುಲಭದ ಐಟಿಆರ್-1 ನಮೂನೆಯ ರಿಟರ್ನ್ ತುಂಬಬೇಡಿ. ಷೇರು ಮಾರಿದ ವಿವರ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಸಾಲುಸಾಲಾಗಿ ಕೂತಿರುತ್ತದೆ. ನಿಮಗೆ ಐಟಿಆರ್-2 ಬೇಕು.

ಈಗ ಮಾಡಬೇಕಾದ ಕೆಲಸ. ಪೋರ್ಟಲ್‌ನಲ್ಲಿ ಮೊದಲು ಎಐಎಸ್ ಮತ್ತು 26ಎಎಸ್ (ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ) ಇಳಿಸಿಕೊಂಡು ಫಾರ್ಮ್ 16ರ ಪಕ್ಕದಲ್ಲಿ ಇಟ್ಟು ನೋಡಿ. ಠೇವಣಿಯ ಬಡ್ಡಿಯ ಜೊತೆ ಉಳಿತಾಯ ಖಾತೆಯ ಬಡ್ಡಿಯೂ ಅಲ್ಲಿರುತ್ತದೆ. ಎಂಟುನೂರೋ ಸಾವಿರವೋ ಎಂದು ಬಿಡಬೇಡಿ. ರಿಟರ್ನ್ ತುಂಬುವಾಗ ಯಾವ ಸೆಕ್ಷನ್ ಎಂದು ಕೇಳುವ ಜಾಗದಲ್ಲಿ 139(4) ಗುರುತಿಸಿ. ಲೆಕ್ಕ ಬಂದ ಮೇಲೆ, ಸಲ್ಲಿಸುವ ಮೊದಲೇ, ಇ-ಪೇ ಟ್ಯಾಕ್ಸ್‌ನಲ್ಲಿ ಹಣ ಕಟ್ಟಿ. ಅಲ್ಲಿ ಆರಿಸಬೇಕಾದದ್ದು ಸೆಲ್ಫ್ ಅಸೆಸ್‌ಮೆಂಟ್ ತೆರಿಗೆ, ಕೋಡ್ 300. ಅಸೆಸ್‌ಮೆಂಟ್ ವರ್ಷ 2025-26. ಆದಾಯ 2024-25ರದ್ದಲ್ಲವೇ ಎಂದು ಆ ವರ್ಷವನ್ನು ಒತ್ತಿಬಿಡುವವರು ಪ್ರತಿ ವರ್ಷವೂ ಇರುತ್ತಾರೆ. ಹಣ ಸರ್ಕಾರಕ್ಕೆ ಹೋಗಿರುತ್ತದೆ, ನಿಮ್ಮ ರಿಟರ್ನಿಗೆ ಮಾತ್ರ ಬಂದಿರುವುದಿಲ್ಲ. ಚಲನ್ ತಿದ್ದುಪಡಿಗೆ ಮತ್ತೆ ಅಲೆಯಬೇಕು. ಚಲನ್‌ನಲ್ಲಿರುವ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ಸಂಖ್ಯೆ), ಕ್ರಮಸಂಖ್ಯೆ, ದಿನಾಂಕ ಮೂರೂ ರಿಟರ್ನಿನಲ್ಲಿ ಬಂದಿವೆಯೇ ನೋಡಿಕೊಂಡು ಸಲ್ಲಿಸಿ.

ಸಲ್ಲಿಸಿದ ಮೇಲೆ 30 ದಿನಗಳೊಳಗೆ ದೃಢೀಕರಣ ಆಗಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಿವೃತ್ತ ಮೇಷ್ಟರೊಬ್ಬರು ಡಿಸೆಂಬರ್ 29ರಂದು ತಾವೇ ರಿಟರ್ನ್ ಹಾಕಿ, ಹೆಮ್ಮೆಯಿಂದ ಫೋನ್ ಮಾಡಿ ತಿಳಿಸಿದರು. ಮಾರ್ಚ್‌ನಲ್ಲಿ ರೀಫಂಡ್ ಏಕೆ ಬರಲಿಲ್ಲವೆಂದು ಕೇಳಿಕೊಂಡು ಬಂದರು. ತೆರೆದು ನೋಡಿದರೆ ದೃಢೀಕರಣವೇ ಆಗಿಲ್ಲ. ಆಧಾರ್‌ಗೆ ಜೋಡಿಸಿದ್ದ ಸಿಮ್ ಮಗನ ಹಳೆಯ ಫೋನಿನಲ್ಲಿತ್ತು, ಒಟಿಪಿ ಅಲ್ಲಿಗೆ ಹೋಗಿತ್ತು. 30 ದಿನ ದಾಟಿದರೆ ದೃಢೀಕರಿಸಿದ ದಿನವೇ ಸಲ್ಲಿಸಿದ ದಿನ ಎಂದು ಎಣಿಸುತ್ತಾರೆ. ಡಿಸೆಂಬರ್ 31 ಆಗಲೇ ಹಿಂದೆ ಬಿದ್ದಿತ್ತು. ಒಟಿಪಿ ಬಾರದಿದ್ದರೆ ನೆಟ್ ಬ್ಯಾಂಕಿಂಗ್ ಮೂಲಕ ಮಾಡಬಹುದು. ಅದೂ ಇಲ್ಲವೆಂದರೆ ಐಟಿಆರ್-ವಿ ಎಂಬ ಸ್ವೀಕೃತಿ ಹಾಳೆಗೆ ಸಹಿ ಹಾಕಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ವಿಳಾಸ ದೂರದ್ದೇನೂ ಅಲ್ಲ: ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಆದಾಯ ತೆರಿಗೆ ಇಲಾಖೆ, ಬೆಂಗಳೂರು 560500. ದೇಶದ ಯಾವ ಮೂಲೆಯ ರಿಟರ್ನ್ ಆದರೂ ಸಂಸ್ಕರಣೆಯಾಗುವುದು ನಮ್ಮ ಬೆಂಗಳೂರಿನಲ್ಲೇ.

ಇನ್ನೂ ಒಂದು ತಿಂಗಳಿದೆಯಲ್ಲ ಎಂದು ಮತ್ತೆ ಕಾಯಬೇಡಿ. ತಡವಾದ ರಿಟರ್ನನ್ನೂ ತಿದ್ದಿ ಮರುಸಲ್ಲಿಸಬಹುದು, ಆದರೆ ಅದರ ಗಡುವೂ ಡಿಸೆಂಬರ್ 31ಕ್ಕೇ ಮುಗಿಯುತ್ತದೆ. ಕೊನೆಯ ದಿನ ಸಲ್ಲಿಸಿದವರಿಗೆ ತಪ್ಪು ತಿದ್ದಲು ಪುರುಸೊತ್ತೇ ಇರುವುದಿಲ್ಲ.

ಆ ದಿನವೂ ತಪ್ಪಿದರೆ ಐಟಿಆರ್-ಯು ಎಂಬ ‘ಅಪ್‌ಡೇಟೆಡ್ ರಿಟರ್ನ್’ ಇದೆ. 2022ರಲ್ಲಿ ಬಂದಾಗ ಎರಡು ವರ್ಷದ ಅವಕಾಶವಿತ್ತು. 2025ರಲ್ಲಿ ಅದನ್ನು ಅಸೆಸ್‌ಮೆಂಟ್ ವರ್ಷ ಮುಗಿದ ಮೇಲಿನ ನಾಲ್ಕು ವರ್ಷಕ್ಕೆ ಹಿಗ್ಗಿಸಿದರು. ಬೆಲೆ ಮಾತ್ರ ದುಬಾರಿ. ತೆರಿಗೆ ಮತ್ತು ಬಡ್ಡಿಯ ಮೊತ್ತದ ಮೇಲೆ ಮೊದಲ ವರ್ಷ ಶೇ 25, ಎರಡನೆಯದರಲ್ಲಿ ಶೇ 50, ಆಮೇಲೆ ಶೇ 60, ಶೇ 70 ಹೆಚ್ಚುವರಿ ತೆರಿಗೆ. ನೀವು ಇದೇ ರಿಟರ್ನನ್ನು ಮಾರ್ಚ್ ಕೊನೆಗೆ ಹಾಕಿದರೆ ಬಡ್ಡಿ 5,000ದ ಹತ್ತಿರ ಹೋಗಿ, ಹೆಚ್ಚುವರಿ ತೆರಿಗೆಯೇ ಸುಮಾರು 6,400 ಬೀಳುತ್ತದೆ. 5,000 ಶುಲ್ಕ ಹೇಗೂ ತಪ್ಪದು.

ಜೈಲಿನ ಭಯ ಕೆಲವರು ಹುಟ್ಟಿಸುತ್ತಾರೆ. ರಿಟರ್ನ್ ಸಲ್ಲಿಸದಿರುವುದಕ್ಕೆ ಮೊಕದ್ದಮೆಯ ಸೆಕ್ಷನ್ ಇರುವುದು ನಿಜ, 276ಸಿಸಿ. ಆದರೆ ಅದು ಬೇಕೆಂದೇ ಸಲ್ಲಿಸದವರಿಗೆ. ಟಿಡಿಎಸ್, ಮುಂಗಡ ತೆರಿಗೆ ಮತ್ತು ಅಸೆಸ್‌ಮೆಂಟ್ ವರ್ಷದೊಳಗೆ ಕಟ್ಟಿದ ಸೆಲ್ಫ್ ಅಸೆಸ್‌ಮೆಂಟ್ ತೆರಿಗೆ ಕಳೆದು ಬಾಕಿ 10,000 ಮೀರದಿದ್ದರೆ ರಿಟರ್ನ್ ಹಾಕಲಿಲ್ಲವೆಂದು ಅದರಡಿ ಮೊಕದ್ದಮೆ ಹೂಡುವಂತಿಲ್ಲ. ಈ ತಿಂಗಳು ಹಣ ಕಟ್ಟಿ ರಿಟರ್ನ್ ಹಾಕಿದರೆ ನಿಮಗೂ ಆ ಸೆಕ್ಷನ್ನಿಗೂ ಸಂಬಂಧವಿಲ್ಲ.

ಇನ್ನು ನಿಮ್ಮ ತಂದೆಯವರ ವಿಚಾರ. ಇಲ್ಲಿ ಸುದ್ದಿ ಒಳ್ಳೆಯದಿದೆ, ಆದರೆ ಅವಸರವೂ ಇಲ್ಲೇ ಹೆಚ್ಚು.

ಬಡ್ಡಿಯಲ್ಲಿ ಶೇ 10 ಹಿಡಿದಿದ್ದರೆ ಅವರ ಠೇವಣಿಯ ಬಡ್ಡಿ 1.10 ಲಕ್ಷ ಆಯಿತು. ಅಡಿಕೆಯದು ಕೃಷಿ ಆದಾಯ, ಅದಕ್ಕೆ ತೆರಿಗೆಯಿಲ್ಲ. ಬೇರೆ ಆದಾಯವಿಲ್ಲವಾದರೆ ಅವರು 3 ಲಕ್ಷದ ಮಿತಿಯ ಕೆಳಗೇ ಇದ್ದಾರೆ. ಕೃಷಿ ಆದಾಯವನ್ನು ಸೇರಿಸಿ ದರ ಲೆಕ್ಕ ಹಾಕುವ ನಿಯಮವೂ ಆ ಮಿತಿ ದಾಟಿದವರಿಗೇ. ರಿಟರ್ನ್ ಹಾಕಲೇಬೇಕೆಂಬ ಕಡ್ಡಾಯ ಅವರಿಗಿಲ್ಲ (ವಿದ್ಯುತ್ ಬಿಲ್ಲು ವರ್ಷಕ್ಕೆ ಒಂದು ಲಕ್ಷ ದಾಟುವುದು, ವಿದೇಶ ಪ್ರವಾಸಕ್ಕೆ ಎರಡು ಲಕ್ಷ ಮೀರಿ ಖರ್ಚು ಮಾಡುವುದು, ಹೀಗೆ ಕೆಲವು ಸಂದರ್ಭಗಳಲ್ಲಿ ಆದಾಯ ಎಷ್ಟೇ ಕಡಿಮೆ ಇದ್ದರೂ ಹಾಕಲೇಬೇಕು; ಅವು ಯಾವುವೂ ಇಲ್ಲವೆಂದು ಭಾವಿಸಿದ್ದೇನೆ). ಕಡ್ಡಾಯವಿಲ್ಲದವರು ತಡವಾಗಿ ಹಾಕಿದರೆ 234ಎಫ್ ಶುಲ್ಕವೂ ಇಲ್ಲ. ಡಿಸೆಂಬರ್ 31ರೊಳಗೆ ಸಲ್ಲಿಸಿದರೆ 11,000 ಪೂರ್ತಿ ವಾಪಸು ಬರುತ್ತದೆ. ರೀಫಂಡ್ ಮೇಲಿನ ಬಡ್ಡಿ ಏಪ್ರಿಲ್‌ನಿಂದಲ್ಲ, ಸಲ್ಲಿಸಿದ ದಿನದಿಂದ. ಅದು ತಿಂಗಳಿಗೆ ಐವತ್ತೈದು ರೂಪಾಯಿಯ ಮಾತು, ಬಿಡಿ.

ಡಿಸೆಂಬರ್ 31 ದಾಟಿತೋ, ಅವರಿಗೆ ಐಟಿಆರ್-ಯು ಬಾಗಿಲು ತೆರೆಯುವುದಿಲ್ಲ. ಅದು ಸರ್ಕಾರಕ್ಕೆ ಹೆಚ್ಚು ಕಟ್ಟಲು ಇರುವ ದಾರಿ. ವಾಪಸು ಕೇಳುವವರಿಗೆ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಒಂದೇ ಸಂಜೆ ಎರಡು ರಿಟರ್ನ್‌ಗೆ ಕೂರುವುದಾದರೆ ಮೊದಲು ಅಪ್ಪನದನ್ನು ಮುಗಿಸಿ. ತೋಟದ ಆದಾಯ 5,000 ಮೀರುವುದರಿಂದ ಅವರಿಗೂ ಐಟಿಆರ್-2. ಪ್ಯಾನ್‌ಗೆ ಆಧಾರ್ ಜೋಡಣೆಯಾಗಿದೆಯೇ, ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ಮೌಲ್ಯೀಕರಣವಾಗಿದೆಯೇ ನೋಡಿ. ನಿಷ್ಕ್ರಿಯ ಪ್ಯಾನ್‌ಗೆ ರೀಫಂಡ್ ಬಿಡುಗಡೆಯಾಗುವುದಿಲ್ಲ. ಅವರ ಆಧಾರ್‌ಗೆ ಯಾವ ಮೊಬೈಲ್ ನಂಬರ್ ಕೊಟ್ಟಿದ್ದರೆಂದು ಕೇಳಲು ಮರೆಯಬೇಡಿ. ಮೇಷ್ಟರ ಕಥೆ ನೆನಪಿರಲಿ.

ಹಿಂದಿನ ವರ್ಷದ 9,400? ಆ ವರ್ಷದ ತಡ ರಿಟರ್ನಿನ ಗಡುವನ್ನು 2025ರ ಜನವರಿ 15ರವರೆಗೆ ವಿಸ್ತರಿಸಿದ್ದರು, ಅದೂ ಮುಗಿಯಿತು. ಉಳಿದ ಹಾದಿ ಸೆಕ್ಷನ್ 119(2)(ಬಿ) ಅಡಿ ವಿಳಂಬ ಮನ್ನಾ ಕೋರುವುದು. ಪೋರ್ಟಲ್‌ನಲ್ಲಿ ತಂದೆಯವರ ಲಾಗಿನ್ನಿಂದ ಸರ್ವಿಸಸ್ ವಿಭಾಗಕ್ಕೆ ಹೋದರೆ ಕಂಡೊನೇಷನ್ ರಿಕ್ವೆಸ್ಟ್ ಎಂದಿರುತ್ತದೆ. ಅಸೆಸ್‌ಮೆಂಟ್ ವರ್ಷ ಮುಗಿದು ಐದು ವರ್ಷದೊಳಗೆ ಅರ್ಜಿ ಹಾಕಬೇಕು, ಅಂದರೆ ಅವರಿಗೆ 2030ರ ಮಾರ್ಚ್‌ವರೆಗೆ ಕಾಲವಿದೆ. 2024ರ ಅಕ್ಟೋಬರ್ 1ರ ಸುತ್ತೋಲೆಯ ಪ್ರಕಾರ ಒಂದು ಕೋಟಿಯವರೆಗಿನ ಕ್ಲೇಮುಗಳನ್ನು ಆಯುಕ್ತರ ಮಟ್ಟದಲ್ಲೇ ತೀರ್ಮಾನಿಸುತ್ತಾರೆ, ಸಾಧ್ಯವಾದಷ್ಟು ಮಟ್ಟಿಗೆ ಆರು ತಿಂಗಳೊಳಗೆ. ಅವರು ನೋಡುವುದು ಎರಡು: ಕೇಳಿದ ಹಣ ನಿಜಕ್ಕೂ ಬರಬೇಕಾದದ್ದೇ, ತಡಕ್ಕೆ ನಿಜವಾದ ಕಷ್ಟ ಕಾರಣವೇ.

ಅರ್ಜಿಯಲ್ಲಿ ‘ಅನಾರೋಗ್ಯದ ಕಾರಣ’ ಎಂದು ಒಂದು ಸಾಲು ಬರೆದರೆ ಸಾಲದು. ಜುಲೈ ತಿಂಗಳ ಯಾವ ದಿನ ಆಸ್ಪತ್ರೆ ಸೇರಿದರು, ಯಾವಾಗ ಶಸ್ತ್ರಚಿಕಿತ್ಸೆ, ಯಾವಾಗ ಮನೆಗೆ ಬಂದರು, ಆಮೇಲೆ ಜನವರಿಯವರೆಗೆ ತಪಾಸಣೆಗೆ ಎಷ್ಟು ಸಲ ಹೋದರು, ಇವನ್ನು ದಿನಾಂಕ ಸಹಿತ ಬರೆಯಿರಿ. ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು, ಬ್ಯಾಂಕು ಕೊಟ್ಟ ಟಿಡಿಎಸ್ ಪ್ರಮಾಣಪತ್ರ ಫಾರ್ಮ್ 16ಎ, ಆ ವರ್ಷದ 26ಎಎಸ್ ಲಗತ್ತಿಸಿ. ಆಸ್ಪತ್ರೆಯ ಕಾಗದ ಜುಲೈ-ಆಗಸ್ಟ್‌ದ್ದು ಮಾತ್ರವಿದ್ದರೆ, ಸೆಪ್ಟೆಂಬರ್‌ನಿಂದ ಜನವರಿವರೆಗೆ ಏನು ಅಡ್ಡಿಯಿತ್ತು ಎಂಬ ಪ್ರಶ್ನೆ ಬಂದೇ ಬರುತ್ತದೆ; ಅದಕ್ಕೆ ಉತ್ತರ ಮೊದಲೇ ಸಿದ್ಧವಿರಲಿ. ಆದೇಶ ಬಂದ ಮೇಲೆ ಅದರ ಸಂಖ್ಯೆ, ದಿನಾಂಕ ನಮೂದಿಸಿ ಆ ವರ್ಷದ ರಿಟರ್ನ್ ಹಾಕಬೇಕು. ಈ ಹಣಕ್ಕೆ ಬಡ್ಡಿ ಸಿಗುವುದಿಲ್ಲ.

‘ಹಾಗಾದರೆ ನನ್ನ ಹಳೆಯ ಪದ್ಧತಿಗೂ ಇದೇ ಅರ್ಜಿ ಹಾಕಬಹುದಲ್ಲ’ ಎಂದು ನಿಮಗೆ ಅನ್ನಿಸಬಹುದು. ಆ ಸುತ್ತೋಲೆ ಇರುವುದು ರೀಫಂಡ್ ಕೇಳುವವರಿಗೆ, ನಷ್ಟ ಮುಂದಕ್ಕೆ ಒಯ್ಯಬೇಕಾದವರಿಗೆ. ಷೇರಿನ ನಷ್ಟವನ್ನಾದರೂ ಕೇಳೋಣವೆಂದರೆ, ಗಡುವು ವಿಸ್ತರಣೆಯಾಗುತ್ತದೆಂದು ಕಾದೆ ಎನ್ನುವುದನ್ನು ಯಾವ ಆಯುಕ್ತರೂ ಕಷ್ಟವೆಂದು ಒಪ್ಪಲಾರರು. ಅದಕ್ಕೆ ಸಮಯ ಹಾಳು ಮಾಡಬೇಡಿ.

ಮುಂದಿನ ವರ್ಷ ಇದೇ ಓಡಾಟ ಬೇಡವೆಂದರೆ ತಂದೆಯವರಿಂದ ಬ್ಯಾಂಕಿಗೆ ಫಾರ್ಮ್ 15ಎಚ್ (ತೆರಿಗೆ ಬರುವಷ್ಟು ಆದಾಯವಿಲ್ಲ, ಟಿಡಿಎಸ್ ಹಿಡಿಯಬೇಡಿ ಎಂದು ಹಿರಿಯ ನಾಗರಿಕರು ಕೊಡುವ ಘೋಷಣೆ) ಕೊಡಿಸಿ. 2025ರ ಏಪ್ರಿಲ್‌ನಿಂದ ಹಿರಿಯ ನಾಗರಿಕರ ಠೇವಣಿ ಬಡ್ಡಿಗೆ ಟಿಡಿಎಸ್ ಮಿತಿ ಒಂದು ಲಕ್ಷಕ್ಕೆ ಏರಿದೆ, ಆದರೆ ಅವರ ಬಡ್ಡಿ ಅದನ್ನೂ ಸ್ವಲ್ಪ ದಾಟುತ್ತದೆ, ಕಡಿತ ತಪ್ಪುವುದಿಲ್ಲ. ಈಗ ಕೊಟ್ಟರೂ ಈ ವರ್ಷದಲ್ಲಿ ಇನ್ನು ಮುಂದೆ ಜಮೆಯಾಗುವ ಬಡ್ಡಿಯಲ್ಲಿ ಕಡಿತ ನಿಲ್ಲುತ್ತದೆ. ಎರಡು ಬ್ಯಾಂಕಿನಲ್ಲಿ ಠೇವಣಿ ಇದ್ದರೆ ಎರಡಕ್ಕೂ ಬೇರೆ ಬೇರೆ ಕೊಡಬೇಕು, ಮತ್ತೆ ಏಪ್ರಿಲ್‌ನಲ್ಲಿ ಹೊಸದು. ಕೌಂಟರಿಗೆ ಹೋಗುವಾಗ ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕದ ಸೀಲು ಹಾಕಿಸಿಕೊಂಡು ಬನ್ನಿ.